ಮಳೆಸೀಮೆಯಲ್ಲಿ ಬೆಳಕಿನ ಮಂಟಪ: ಕೊಡಗಿನ ತೋಟಕ್ಕೊಂದು ಕಾಂಕ್ರೀಟ್ ಮಂಟಪ ವಿನ್ಯಾಸ ಮಾಡುವ ಕ್ರಮ

ಮಡಿಕೇರಿಯ ರಾಜಾಸೀಟಿನ ಪುಟ್ಟ ಮಂಟಪದಲ್ಲಿ ಇರುವುದು ನಾಲ್ಕು ಕಂಬ, ಅವನ್ನು ಕೂಡಿಸುವ ಕಮಾನುಗಳು, ಎದುರಿಗೆ ಪಶ್ಚಿಮದ ಕಣಿವೆ. ಕೊಡಗಿನ ಅರಸರು ಸಂಜೆ ಅಲ್ಲಿ ಕೂತು ಸೂರ್ಯಾಸ್ತ ನೋಡುತ್ತಿದ್ದರು. ಒಂದು ಹೊತ್ತಿನ ಬೆಳಕಿಗಾಗಿ ಮಂಟಪ ಕಟ್ಟುವುದು ನಮ್ಮ ಸೀಮೆಗೆ ಹೊಸದೇನಲ್ಲ. ಈಗ ತೋಟದ ಮನೆ, ಹೋಂಸ್ಟೇ, ಶಾಲೆಯ ಅಂಗಳಗಳಲ್ಲಿ ಕಾಂಕ್ರೀಟಿನ ಶಿಲ್ಪದಂಥ ಮಂಟಪ ಬೇಕೆಂದು ಕೇಳುವವರು ಹೆಚ್ಚಾಗಿದ್ದಾರೆ. ಅವರ ಫೋನಿನಲ್ಲಿರುವ ಚಿತ್ರಗಳು ಸಾಮಾನ್ಯವಾಗಿ ಒಂದೇ ಥರ: ವಾಸ್ತುಶಿಲ್ಪಿ ತಡಾವೊ ಆಂಡೊ 1989ರಲ್ಲಿ ಜಪಾನಿನ ಇಬರಾಕಿಯಲ್ಲಿ ಕಟ್ಟಿದ ಚರ್ಚಿನ ಶಿಲುಬೆಯಾಕಾರದ ಸೀಳು, ಇಲ್ಲವೇ 1955ರಲ್ಲಿ ಮುಗಿದ ಲ ಕಾರ್ಬೂಸಿಯೆಯ, ಫ್ರಾನ್ಸಿನ ರೊಂಶಾಂ ಚಾಪೆಲ್ಲಿನ ದಪ್ಪ ಗೋಡೆಯ ಕಿಟಕಿಗಳು.

ಆ ಕಟ್ಟಡಗಳಿಂದ ಕಲಿಯುವುದು ಬಹಳವಿದೆ. ಆದರೆ ಆ ಸೀಳನ್ನು ಹಾಗೇ ಎತ್ತಿ ತಂದು ವಿರಾಜಪೇಟೆಯ ತೋಟದಲ್ಲಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗಿಂದ ಬಿಸಿಲು ಬರುವುದು ಅಪರೂಪ. ಗಾಳಿಗೆ ಓರೆಯಾಗಿ ಹೊಡೆಯುವ ಮಳೆ ಮಾತ್ರ ತಪ್ಪದೆ ಬರುತ್ತದೆ. ಬೆಳಕು ಬರುವ ದಾರಿಯಲ್ಲೇ ನೀರೂ ಬರುತ್ತದೆ. ಹಾಗಾಗಿ ಇಲ್ಲಿ ಒಂದೊಂದು ತೆರಪಿಗೂ ಎರಡು ಪ್ರಶ್ನೆ ಕೇಳಬೇಕು: ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮೋಡದಲ್ಲಿ ಇದು ಎಷ್ಟು ಬೆಳಕು ಕೊಡುತ್ತದೆ? ಅದೇ ದಿನ ಎಷ್ಟು ನೀರನ್ನು ಹೊರಗಿಡುತ್ತದೆ? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆಯೇ ಬಿಸಿಲಿನ ಚೆಂದ. ಈ ಮಾರ್ಗದರ್ಶಿ ನಡೆಯುವುದು ಅದೇ ಕ್ರಮದಲ್ಲಿ.

ಮೊದಲು ಹೊತ್ತು ಗೊತ್ತುಮಾಡಿ

ಪೆನ್ಸಿಲ್ ಹಿಡಿಯುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಇಲ್ಲಿ ಯಾರು, ಯಾವ ತಿಂಗಳಲ್ಲಿ, ಎಷ್ಟು ಗಂಟೆಗೆ ಕೂರುತ್ತಾರೆ? ಬೆಳಗಿನ ಕಾಫಿಗೋ, ಕುಯ್ಲಿನ ದಿನ ಮಧ್ಯಾಹ್ನದ ಊಟಕ್ಕೋ, ಸಂಜೆ ಮಕ್ಕಳ ಓದಿಗೋ? "ಯಾವಾಗಲೂ" ಎಂಬ ಉತ್ತರದಿಂದ ವಿನ್ಯಾಸ ಹುಟ್ಟುವುದಿಲ್ಲ. ಬೆಂಗಳೂರಿನ ಗವಿಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿಂದ ಹಾದ ಬಿಸಿಲು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ಕಟ್ಟಿದವರು ಹೊತ್ತನ್ನು ಗೊತ್ತುಮಾಡಿಕೊಂಡಿದ್ದರು ಎಂಬುದೇ ಅದರ ಬಲ.

ನನ್ನ ಸಲಹೆ: ಒಂದು ಮಂಟಪಕ್ಕೆ ಮೂರು ಬೆಳಕು ಸಾಕು. ವರ್ಷವಿಡೀ ಇರುವ ಮೋಡದ ಬೆಳಕೊಂದು, ದಿನದ ಒಂದು ಹೊತ್ತಿನ ಬಿಸಿಲೊಂದು, ವರ್ಷದ ಒಂದು ಕಾಲದ ಬಿಸಿಲೊಂದು. ನಾಲ್ಕನೆಯದನ್ನು ಸೇರಿಸಿದರೆ ಮೊದಲ ಮೂರೂ ಮಂಕಾಗುತ್ತವೆ. ಕಣ್ಣಿಗೆ ಬೆಳಕು ಕಾಣುವುದು ಪಕ್ಕದಲ್ಲಿ ನೆರಳಿದ್ದಾಗ.

ಜಾಗ: ಇಳಿಜಾರು, ನೀರು, ಮರ

2018, 2019, 2020ರ ಆಗಸ್ಟ್ ತಿಂಗಳುಗಳ ಭೂಕುಸಿತಗಳನ್ನು ಕಂಡ ಮೇಲೆ ಕೊಡಗಿನಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದು ಸಮತಟ್ಟು ಮಾಡುವ ಮಾತೇ ಬೇಡ. ಮಂಟಪವನ್ನು ಇಳಿಜಾರಿಗೆ ಹೊಂದಿಸಿ, ಇಳಿಜಾರನ್ನು ಮಂಟಪಕ್ಕಲ್ಲ. ಮೇಲಿನಿಂದ ಬರುವ ನೀರನ್ನು ಮಂಟಪದ ಹಿಂದೆಯೇ ಅಡ್ಡ ಚರಂಡಿಯಲ್ಲಿ ಹಿಡಿದು ಪಕ್ಕಕ್ಕೆ ಸಾಗಿಸಬೇಕು. ಹೊಸ ಮಣ್ಣು ತುಂಬಿದ ಜಾಗದಲ್ಲಿ ಪಾಯ ಬೇಡ. ಹಳೆಯ ಕಣದ ಪಕ್ಕದ ಗಟ್ಟಿ ನೆಲವಿದ್ದರೆ ಅದೇ ಒಳ್ಳೆಯದು, ಅಲ್ಲಿ ಆಕಾಶವೂ ತೆರೆದಿರುತ್ತದೆ. ಭೂಪರಿವರ್ತನೆ, ಪಂಚಾಯಿತಿ ಪರವಾನಗಿ, ಮರ ಕಡಿಯುವುದಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆ, ಇವೆಲ್ಲ ನಕ್ಷೆಗೂ ಮೊದಲೇ ವಿಚಾರಿಸಬೇಕಾದವು.

ಮರಗಳ ವಿಷಯಕ್ಕೆ ಹೆಚ್ಚು ಗಮನ ಕೊಡಿ. ತೋಟದೊಳಗೆ ನಿಮಗೆ ಸಿಗುವ ಆಕಾಶವನ್ನು ನಿರ್ಧರಿಸುವುದು ಸಿಲ್ವರ್ ಓಕ್, ಹಲಸು, ಬೀಟೆಗಳೇ. ಮಳೆಗಾಲಕ್ಕೆ ಮುಂಚೆ ಮರಗಸಿ (ನೆರಳಿನ ಮರಗಳ ರೆಂಬೆ ಇಳಿಸುವ ಕೆಲಸ) ಆದ ಮೇಲೆ ಅದೇ ಜಾಗಕ್ಕೆ ಬೀಳುವ ಬೆಳಕು ಎಷ್ಟೋ ಹೆಚ್ಚಾಗಿರುತ್ತದೆ, ಮುಂದಿನ ಬೇಸಿಗೆಯ ಹೊತ್ತಿಗೆ ರೆಂಬೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಜಾಗವನ್ನು ಮರಗಸಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ನೋಡಿ. ಕೂರುವವರ ಕಣ್ಣಿನ ಎತ್ತರದಲ್ಲಿ ನಿಂತು ಎಂಟೂ ದಿಕ್ಕಿನಲ್ಲಿ ಮರ ಇಲ್ಲವೆ ಗುಡ್ಡದ ತುದಿ ಎಷ್ಟು ಡಿಗ್ರಿ ಮೇಲಿದೆ ಎಂದು ಅಳೆದು ಬರೆದಿಡಿ. ಫೋನಿನ ಕೋನಮಾಪಕ ಆ್ಯಪ್ ಸಾಕು. ಈ ಎಂಟು ಅಂಕಿ ಮುಂದೆ ಪದೇ ಪದೇ ಬೇಕಾಗುತ್ತವೆ.

ದಿಕ್ಕು ಮತ್ತು ಸೂರ್ಯನ ಲೆಕ್ಕ

ದಿಕ್ಕನ್ನು ಫೋನಿನ ದಿಕ್ಸೂಚಿಯಿಂದ ತೆಗೆಯಬೇಡಿ, ಹತ್ತಿರದ ಕಬ್ಬಿಣಕ್ಕೆ ಅದು ಅಲ್ಲಾಡುತ್ತದೆ. ನಮ್ಮ ಹಳೆಯ ಶಂಕುವಿನ ಕ್ರಮವೇ ಸರಿ. ಸಮನಾದ ನೆಲದಲ್ಲಿ ಒಂದು ಗೂಟವನ್ನು ನೆಟ್ಟಗೆ ಊರಿ, ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಜಾಗ ಒಂದು, ಮಧ್ಯಾಹ್ನದ ಮೇಲೆ ಮುಟ್ಟಿದ ಜಾಗ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ-ಪಶ್ಚಿಮ.

ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇದರಿಂದ ಹುಟ್ಟುವ ಕೆಲವು ಅಂಕಿಗಳನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಿ:

- ಡಿಸೆಂಬರ್ 21ರ ಸುಮಾರಿಗೆ ನಡುಹಗಲ ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ.
- ಮಾರ್ಚ್, ಸೆಪ್ಟೆಂಬರ್‌ಗಳ ಸಮಹಗಲಿನಲ್ಲಿ ಸುಮಾರು 78 ಡಿಗ್ರಿ, ಆಗಲೂ ದಕ್ಷಿಣಕ್ಕೆ.
- ಏಪ್ರಿಲ್ 22-23ರ ಸುಮಾರಿಗೆ, ಮತ್ತೆ ಆಗಸ್ಟ್ 20ರ ಸುಮಾರಿಗೆ ನೇರ ನೆತ್ತಿಯ ಮೇಲೆ. ಆ ನಡುವಿನ ತಿಂಗಳುಗಳಲ್ಲಿ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ. ಜೂನ್ 21ಕ್ಕೆ ಉತ್ತರದಲ್ಲಿ 79 ಡಿಗ್ರಿ.
- ಸೂರ್ಯೋದಯದ ಬಿಂದು ಜೂನಿನಲ್ಲಿ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿಯುತ್ತದೆ.

ಗಡಿಯಾರದ ಹನ್ನೆರಡು ಗಂಟೆ ಇಲ್ಲಿ ನಡುಹಗಲಲ್ಲ. ಭಾರತದ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಮಡಿಕೇರಿ ಅದಕ್ಕಿಂತ ಪಶ್ಚಿಮಕ್ಕೆ 75.7ರಲ್ಲಿದೆ. ಹಾಗಾಗಿ ಸೂರ್ಯ ನಡುನೆತ್ತಿಗೆ ಬರುವುದು ಸರಾಸರಿ 12.27ಕ್ಕೆ. ನವೆಂಬರ್ ಮೊದಲ ವಾರದಲ್ಲಿ ಅದು 12.11ರ ಹತ್ತಿರ, ಫೆಬ್ರವರಿ ನಡುವಿನಲ್ಲಿ 12.41ರ ಹತ್ತಿರ. "ಹನ್ನೆರಡಕ್ಕೆ ಸರಿಯಾಗಿ ಬಿಸಿಲು ಪೀಠದ ಮೇಲೆ ಬೀಳಬೇಕು" ಎಂದು ಮನೆಯವರು ಕೇಳಿದರೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸಿ.

ಉತ್ತರದ ಬೆಳಕು ಎಂದರೆ ಬಿಸಿಲಿಲ್ಲದ ತಣ್ಣನೆಯ ಬೆಳಕು ಎಂದು ಪಠ್ಯಪುಸ್ತಕಗಳು ಹೇಳುವುದು ಯುರೋಪಿಗೆ ಸರಿ. ಇಲ್ಲಿ ಮೇ ತಿಂಗಳ ಬೆಳಿಗ್ಗೆ ಮತ್ತು ಸಂಜೆ ಉತ್ತರದ ಗೋಡೆಗೂ ಓರೆ ಬಿಸಿಲು ಬೀಳುತ್ತದೆ. ನಡುಹಗಲ ಬಿಸಿಲನ್ನು ತಡೆಯಲು ಗೇಣುದ್ದ ಸಜ್ಜಾ ಸಾಕಾದರೂ ಓರೆ ಬಿಸಿಲಿಗೆ ಪಕ್ಕದ ರೆಕ್ಕೆಗೋಡೆ ಬೇಕು.

ಮೋಡದ ಆಕಾಶವೇ ಮುಖ್ಯ ದೀಪ

ಪೂರ್ತಿ ಮೋಡ ಕವಿದ ಆಕಾಶ ಎಲ್ಲ ಕಡೆ ಒಂದೇ ಥರ ಬೆಳಗುವುದಿಲ್ಲ. ವಿನ್ಯಾಸಕಾರರು ಬಳಸುವ ಅಂತರರಾಷ್ಟ್ರೀಯ ಮೋಡದ ಆಕಾಶದ ಮಾದರಿಯಲ್ಲಿ ನೆತ್ತಿಯ ಮೇಲಿನ ಆಕಾಶ, ದಿಗಂತದ ಆಕಾಶಕ್ಕಿಂತ ಮೂರು ಪಟ್ಟು ಪ್ರಕಾಶಮಾನ. ಅಂದರೆ ಮಳೆಗಾಲದಲ್ಲಿ ಪಕ್ಕದ ಕಿಟಕಿಗಿಂತ ಮೇಲಿನ ಸಣ್ಣ ತೆರಪು ಹೆಚ್ಚು ಕೆಲಸ ಮಾಡುತ್ತದೆ. ಸುತ್ತ ಮರಗಳಿರುವ ತೋಟದಲ್ಲಂತೂ ದಿಗಂತದ ಆಕಾಶವೇ ಕಾಣುವುದಿಲ್ಲ, ಉಳಿದಿರುವುದು ನೆತ್ತಿಯದು ಮಾತ್ರ.

ಭಾರತೀಯ ಮಾನಕಗಳು ವಿನ್ಯಾಸಕ್ಕೆ ಹೊರಗಿನ ಬೆಳಕನ್ನು 8,000 ಲಕ್ಸ್ (ಬೆಳಕಿನ ಅಳತೆ) ಎಂದು ಇಟ್ಟುಕೊಳ್ಳುತ್ತವೆ. ಅದರ ಶೇ 2ರಷ್ಟು ಒಳಗೆ ಬಂದರೆ 160 ಲಕ್ಸ್, ಕೂತು ಮಾತಾಡಲು ಧಾರಾಳ. ಪೇಪರ್ ಓದಲು 300ರ ಹತ್ತಿರ ಬೇಕು, ಅದನ್ನು ಮಂಟಪದ ಅಂಚಿನಲ್ಲಿ ಕೊಡಿ, ಒಳಗೆಲ್ಲ ಬೇಡ. ಐನ್‌ಮನೆಯ (ಕೊಡವರ ಹಿರಿಯರ ಮನೆ) ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಹಾಸಿದ ಐಮರದ ಹಲಗೆಯ ಮೇಲೆ ಕೂತವರಿಗೆ ಅಂಗಳದ ಬೆಳಕು ಸಿಗುತ್ತದೆ, ಬೆನ್ನ ಹಿಂದೆ ಮನೆಯ ಕತ್ತಲೆ ಇರುತ್ತದೆ. ಆ ಏರ್ಪಾಟನ್ನು ಕಾಂಕ್ರೀಟಿನಲ್ಲೂ ಉಳಿಸಿಕೊಳ್ಳಬಹುದು.

ಕಾಂಕ್ರೀಟಿನ ಬಣ್ಣ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಾಮೂಲಿ ಬೂದು ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬೆಳಕಿನ ಶೇ 30ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಎರಡು ಸಲ ಬಡಿದು ಬಂದ ಬೆಳಕಿನಲ್ಲಿ ಉಳಿಯುವುದು ಶೇ 9. ಅದೇ ಸುಣ್ಣ ಬಳಿದ ಬಿಳಿ ಮೈ ಶೇ 80 ಹಿಂದಿರುಗಿಸಿದರೆ ಎರಡು ಬಡಿತದ ನಂತರವೂ ಶೇ 64 ಉಳಿಯುತ್ತದೆ. ಹಾಗಾಗಿ ಬೆಳಕು ಇಳಿದು ಬರುವ ಕೊಳವೆಯ ಒಳಮೈಗೆ ಸುಣ್ಣ ಬಳಿಯಿರಿ, ಮಿಕ್ಕ ಗೋಡೆಯನ್ನು ಬೂದು ಬಣ್ಣದಲ್ಲೇ ಬಿಡಿ. ಸಿಮೆಂಟಿನ ಒಂದು ಭಾಗದ ಬದಲಿಗೆ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಪುಡಿ ಹಾಕಿದರೆ ಕಾಂಕ್ರೀಟೇ ಸ್ವಲ್ಪ ಬಿಳಿಚುತ್ತದೆ. ಹಾರುಬೂದಿ ಹಾಕಿದರೆ ಸಾಮಾನ್ಯವಾಗಿ ಕಪ್ಪೇರುತ್ತದೆ.

ಆಕಾರ: ಒಂದು ಉದಾಹರಣೆ

ಇಪ್ಪತ್ತು ಜನ ಕೂರುವ, 7 ಮೀಟರ್ ಉದ್ದ, 5.5 ಮೀಟರ್ ಅಗಲದ ಮಂಟಪ ಎಂದಿಟ್ಟುಕೊಳ್ಳೋಣ. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆಗೆ ಬೆನ್ನು ಕೊಟ್ಟು ಬಾಗಿದ, 250 ಮಿ.ಮೀ. ದಪ್ಪದ ಗೋಡೆ. ಗೋಡೆ ಬಾಗಿದಷ್ಟೂ ತಾನಾಗಿ ನಿಲ್ಲುವ ಬಲ ಹೆಚ್ಚು, ನೋಟಕ್ಕೂ ಅದೇ ಶಿಲ್ಪ. ಪೂರ್ವ ಪೂರ್ತಿ ತೆರೆದಿರಲಿ. ಚಾವಣಿ ಎರಡು ಚಪ್ಪಡಿಗಳಲ್ಲಿ: ಪೂರ್ವದ್ದು ತಗ್ಗಿನಲ್ಲಿ, ಅದರ ಮೇಲ್ಮೈ 2.9 ಮೀಟರ್ ಎತ್ತರಕ್ಕೆ. ಪಶ್ಚಿಮದ್ದು ಎತ್ತರದಲ್ಲಿ, ಅದರ ತಳ 3.35 ಮೀಟರ್‌ಗೆ. ತಗ್ಗಿನ ಚಪ್ಪಡಿಯ ಹಿಂದಂಚು ಗೋಡೆಯಿಂದ 2.5 ಮೀಟರ್ ದೂರದಲ್ಲಿ ನಿಲ್ಲುತ್ತದೆ. ಮೇಲಿನ ಚಪ್ಪಡಿ ಆ ಅಂಚನ್ನು ದಾಟಿ 1.2 ಮೀಟರ್ ಪೂರ್ವಕ್ಕೆ ಚಾಚಿಕೊಳ್ಳುತ್ತದೆ. ಎರಡರ ನಡುವೆ 450 ಮಿ.ಮೀ. ಸಂದು. ಸಂದಿನ ಗೆರೆಯಲ್ಲಿ ನಾಲ್ಕು ಕಂಬಗಳು ಎರಡೂ ಚಪ್ಪಡಿಗಳನ್ನು ಹೊರುತ್ತವೆ.

ಈ ಸಂದು ಪೂರ್ವಕ್ಕೆ ತೆರೆದಿರುವುದರಿಂದ ಪಶ್ಚಿಮದ ಮಳೆ ಒಳಗೆ ಬರದು. ಸಮಹಗಲಿನ ಬೆಳಿಗ್ಗೆ ಬಿಸಿಲು ಇದರಲ್ಲಿ ನುಗ್ಗಿ ಬಾಗಿದ ಗೋಡೆಯ ಮೇಲ್ಭಾಗಕ್ಕೆ ಬೀಳುತ್ತದೆ. ಸೂರ್ಯ ಏರಿದಂತೆ ಬಿಸಿಲಿನ ಪಟ್ಟಿ ಗೋಡೆಯಲ್ಲಿ ಇಳಿಯುತ್ತದೆ. 450ನ್ನು 1,200ರಿಂದ ಭಾಗಿಸಿ ಕೋನ ತೆಗೆದರೆ ಸುಮಾರು 20 ಡಿಗ್ರಿ. ಸೂರ್ಯ ಅಷ್ಟು ಏರುವ ಹೊತ್ತಿಗೆ ಪಟ್ಟಿ ನೆಲದಿಂದ 2 ಮೀಟರ್ ಎತ್ತರಕ್ಕೆ ಇಳಿದಿರುತ್ತದೆ, ಆಮೇಲೆ ಮೇಲಿನ ಚಪ್ಪಡಿ ಬಿಸಿಲನ್ನು ಕತ್ತರಿಸುತ್ತದೆ. ಗಂಟೆಗೆ 15 ಡಿಗ್ರಿಯ ಲೆಕ್ಕದಲ್ಲಿ ಇಡೀ ಆಟ ಒಂದೂಕಾಲು ಗಂಟೆಗಿಂತ ತುಸು ಹೆಚ್ಚು.

ಮರದ ಎಂಟು ಅಂಕಿ ಇಲ್ಲಿ ಕೆಲಸಕ್ಕೆ ಬರುತ್ತವೆ. ಪೂರ್ವದ ಗುಡ್ಡ 10 ಡಿಗ್ರಿ ಮೇಲಿದ್ದರೆ ಮೊದಲ ನಲವತ್ತು ನಿಮಿಷ ಹೋಯಿತು. ಸಿಲ್ವರ್ ಓಕ್ ಸಾಲು 20 ಡಿಗ್ರಿ ಮೇಲಿದ್ದರೆ ಆ ಸಂದಿನಿಂದ ಬಿಸಿಲು ಎಂದೂ ಬಾರದು. ಆಗ ಚಾಚನ್ನು 1.2ರಿಂದ 0.7 ಮೀಟರ್‌ಗೆ ಇಳಿಸಿ, ಕೋನ 33 ಡಿಗ್ರಿ ಆಗುತ್ತದೆ. ಆದರೆ ಆಗ ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆಗೆ ಸಂದು ಅಷ್ಟೇ ತೆರೆದುಕೊಳ್ಳುತ್ತದೆ. ಎರಡನ್ನೂ ತೂಗಿ ನೋಡಿ ನಿರ್ಧರಿಸಬೇಕು.

ಎರಡನೆಯ ತೆರಪು ಮೋಡದ ಬೆಳಕಿನದು: ಮೇಲಿನ ಚಪ್ಪಡಿಯಲ್ಲಿ, ಗೋಡೆಗೆ ಹತ್ತಿರವಾಗಿ, 900 ಮಿ.ಮೀ. ವ್ಯಾಸದ ದುಂಡು ಬಾವಿ. ಕೆಳಗೆ ಬರುತ್ತ ಅಗಲವಾಗಲಿ, ಆಗ ಗಾಜಿನ ಹೊಳಪಿಗೂ ಕತ್ತಲ ಚಾವಣಿಗೂ ನಡುವೆ ಹದವಾದ ಬೂದು ಸಿಕ್ಕು ಕಣ್ಣು ಕೋರೈಸುವುದಿಲ್ಲ. ಅಂಚನ್ನು ಚಾವಣಿಯಿಂದ ಕನಿಷ್ಠ 200 ಮಿ.ಮೀ. ಎತ್ತರಿಸಿ, ಮೇಲೆ ಪದರ ಕೂಡಿಸಿದ ಟಫನ್ ಗಾಜನ್ನು ಓರೆಯಾಗಿ ಕೂರಿಸಿ. ಮಟ್ಟಸವಾಗಿಟ್ಟರೆ ಮೊದಲ ಮಳೆಗಾಲಕ್ಕೇ ಎಲೆ ಕೊಳೆತು ಪಾಚಿ ಕಟ್ಟುತ್ತದೆ. ಏಪ್ರಿಲ್ 22-23ರ ಸುಮಾರಿಗೆ ಮಧ್ಯಾಹ್ನ 12.25ಕ್ಕೆ ಈ ಬಾವಿಯಿಂದ ಬಿಸಿಲು ನೆಟ್ಟಗೆ ನೆಲಕ್ಕಿಳಿಯುತ್ತದೆ.

ಮೂರನೆಯದು ಚಳಿಗಾಲದ ಸೀಳು. ಇದಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕು.

ಸೀಳು ಎಷ್ಟು ಅಗಲ?

ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ತೆರಪಿನಿಂದ ಒಂದೊಂದು ಮೀಟರ್ ದೂರಕ್ಕೂ ಬಿಸಿಲಿನ ಅಂಚು ಸುಮಾರು 9 ಮಿ.ಮೀ. ಮಸುಕಾಗುತ್ತದೆ. ಸೀಳಿನಿಂದ 2.5 ಮೀಟರ್ ದೂರದಲ್ಲಿ ಬಿಸಿಲು ಬಿದ್ದರೆ ಮಸುಕು 23 ಮಿ.ಮೀ. ನಿಮ್ಮ ಸೀಳು 20 ಮಿ.ಮೀ. ಇದ್ದರೆ ಅಲ್ಲಿ ಪೂರ್ತಿ ಬಿಸಿಲು ಎಂಬುದೇ ಇರುವುದಿಲ್ಲ, ಅಂಚಿಲ್ಲದ ಮಂಕು ಗೆರೆ ಮಾತ್ರ. 60 ಮಿ.ಮೀ. ಮಾಡಿದರೆ ನಡುವೆ 37 ಮಿ.ಮೀ. ಝಗ್ಗೆನ್ನುವ ಬಿಸಿಲು, ಎರಡೂ ಕಡೆ ಮೆತ್ತನೆಯ ಅಂಚು. ಹರಿತವಾದ ಗೆರೆ ಬೇಕಾದರೆ ಸೀಳನ್ನು ಬಿಸಿಲು ಬೀಳುವ ಮೈಗೆ ಹತ್ತಿರ ತನ್ನಿ.

ಇನ್ನು ಗೋಡೆಯ ದಪ್ಪ. ಬಾಗಿದ ಗೋಡೆಯ ದಕ್ಷಿಣ ತುದಿ ನೇರ ದಕ್ಷಿಣಕ್ಕೆ ಮುಖ ಮಾಡಿದ ಕಡೆ 60 ಮಿ.ಮೀ. ಅಗಲದ ನೆಟ್ಟನೆ ಸೀಳು ಕೊಟ್ಟರೆ, 250 ಮಿ.ಮೀ. ದಪ್ಪದೊಳಗಿಂದ ಬಿಸಿಲು ಹಾಯುವುದು ಎಡಬಲಕ್ಕೆ 13.5 ಡಿಗ್ರಿ ಒಳಗೆ ಮಾತ್ರ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ಪಕ್ಕಕ್ಕೆ ಸರಿಯುವ ವೇಗ ಗಂಟೆಗೆ ಸುಮಾರು 23 ಡಿಗ್ರಿ. ಲೆಕ್ಕ ಹಾಕಿ: 11.50ಕ್ಕೆ ಗೆರೆ ಹುಟ್ಟುತ್ತದೆ, 12.25ಕ್ಕೆ ತುಂಬಿಕೊಳ್ಳುತ್ತದೆ, ಒಂದು ಗಂಟೆಗೆ ಮುಗಿಯುತ್ತದೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕೆಲಸದವರು ಊಟಕ್ಕೆ ಬರುವ ಹೊತ್ತಿಗೆ ಇದು ಹೊಂದುತ್ತದೆ. ಗೋಡೆ ತೆಳುವಾದರೆ ಇಲ್ಲವೇ ಸೀಳಿನ ಒಳಕೆನ್ನೆಗಳನ್ನು ಓರೆ ಮಾಡಿದರೆ ಹೊತ್ತು ಹಿಗ್ಗುತ್ತದೆ. ರೊಂಶಾಂನ ದಕ್ಷಿಣದ ಗೋಡೆಯಲ್ಲಿ ಕಿಟಕಿಗಳ ಕೆನ್ನೆಗಳೆಲ್ಲ ಓರೆಯಾಗಿರುವುದರಿಂದಲೇ ಬೆಳಕು ಅಲ್ಲಿ ದಪ್ಪ ಗೋಡೆಯ ಮೈಗೆಲ್ಲ ಸವರಿಕೊಂಡು ಒಳಬರುತ್ತದೆ. ಸೀಳಿಗೆ ಗಾಜನ್ನು ಹೊರಮೈಗೆ ಸಮವಾಗಿ ಕೂರಿಸಬೇಡಿ, 80 ಮಿ.ಮೀ. ಒಳಗೆ ಗಾಡಿಯಲ್ಲಿ (ಕಾಂಕ್ರೀಟಿನಲ್ಲಿ ಬಿಟ್ಟ ಉದ್ದನೆಯ ತೋಡಿನಲ್ಲಿ) ಕೂರಿಸಿ. ಸೀಳಿನ ತಳ ಹೊರಕ್ಕೆ ಇಳಿಜಾರಿರಲಿ.

ಮಾದರಿಯಲ್ಲಿ ನೋಡಿ

ಕಂಪ್ಯೂಟರಿನಲ್ಲಿ ಸ್ಕೆಚ್‌ಅಪ್ ಥರದ ತಂತ್ರಾಂಶಕ್ಕೆ ಅಕ್ಷಾಂಶ ಕೊಟ್ಟರೆ ಬಿಸಿಲು ಬೀಳುವ ಜಾಗ ಸರಿಯಾಗಿಯೇ ತೋರಿಸುತ್ತದೆ. ಮೋಡದ ಬೆಳಕಿನ ಹದಕ್ಕೆ ನಾನು ನಂಬುವುದು 1:20 ಅಳತೆಯ ರಟ್ಟಿನ ಮಾದರಿಯನ್ನು. ಕೋಣೆ ಚಿಕ್ಕದಾದರೂ ಬೆಳಕಿನ ನಡತೆ ಬದಲಾಗುವುದಿಲ್ಲ, ಒಳಮೈಯ ಬಣ್ಣ ನಿಜದ ಕಾಂಕ್ರೀಟಿನಷ್ಟೇ ಬೂದಾಗಿದ್ದರೆ ಸಾಕು. ಬಿಳಿ ರಟ್ಟಿನಲ್ಲೇ ಬಿಟ್ಟ ಮಾದರಿ ಸುಳ್ಳು ಹೇಳುತ್ತದೆ. ಮೂಲೆಗಳಿಗೆ ಕಪ್ಪು ಟೇಪ್ ಸುತ್ತಿ, ಕೂತವರ ಕಣ್ಣಿನ ಎತ್ತರಕ್ಕೆ ಫೋನ್ ಕ್ಯಾಮೆರಾ ಹೋಗುವಷ್ಟು ತೂತು ಮಾಡಿ, ಅದನ್ನು ನಿಜವಾದ ಜಾಗಕ್ಕೇ ಹೊತ್ತು ತಂದು, ನಿಜವಾದ ದಿಕ್ಕಿಗೆ ತಿರುಗಿಸಿ ಇಡಿ. ಮೋಡದ ದಿನ ಒಮ್ಮೆ, ಬಿಸಿಲಿನ ದಿನ ಒಮ್ಮೆ. ಬಾವಿಯ ವ್ಯಾಸ 900 ಸಾಕೇ, 1,100 ಬೇಕೇ ಎಂಬುದು ಇಲ್ಲಿಯೇ ತೀರ್ಮಾನವಾಗಲಿ. ಕಾಂಕ್ರೀಟ್ ಬಿದ್ದ ಮೇಲೆ ಅದನ್ನು ದೊಡ್ಡದು ಮಾಡಲಾಗದು.

ನೀರಿನ ದಾರಿ

ಏಳು ಬೈ ಐದೂವರೆ ಮೀಟರ್ ಚಾವಣಿಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ 3,850 ಲೀಟರ್. ಮಳೆಗಾಲದ ನಡುವೆ ಇಲ್ಲಿ ಅದು ಒಂದೇ ದಿನದ ಮಳೆಯೂ ಆಗಬಹುದು. ಈ ನೀರನ್ನು ಗೋಡೆಯೊಳಗಿನ ಪೈಪಿಗೆ ಬಚ್ಚಿಡಬೇಡಿ, ಎಲೆ ಸಿಕ್ಕಿಕೊಂಡರೆ ಗೋಡೆ ಒಡೆಯಬೇಕಾಗುತ್ತದೆ. ಚಪ್ಪಡಿಯನ್ನು 1:60ರಷ್ಟಾದರೂ ಇಳಿಜಾರು ಮಾಡಿ, ಅಗಲವಾದ ಕಾಂಕ್ರೀಟ್ ದೋಣಿಯಿಂದ ನೀರು ಎಲ್ಲರ ಕಣ್ಣೆದುರೇ ಧುಮುಕಲಿ. ಕೆಳಗೆ ದಪ್ಪ ಜಲ್ಲಿಯ ಗುಂಡಿ, ಅಲ್ಲಿಂದ ಚರಂಡಿ. ಎರಡು ದೋಣಿ ಇಡಿ: ಒಂದು ಕಟ್ಟಿಕೊಂಡರೂ ಇನ್ನೊಂದು ಹರಿಯುತ್ತಿರಬೇಕು. ಬಿಸಿಲಿಗಾಗಿ ಮಾಡಿದ ಮಂಟಪಕ್ಕೆ ಮಳೆಗಾಲದಲ್ಲಿ ಜೀವ ತುಂಬುವುದು ಈ ದೋಣಿ.

ಪ್ರತಿ ಚಪ್ಪಡಿಯ ತಳದಂಚಿಗೆ 20 ಮಿ.ಮೀ. ಗಾಡಿ ಬಿಡಿ, ಇಲ್ಲದಿದ್ದರೆ ನೀರು ತಳಕ್ಕೆ ಅಂಟಿಕೊಂಡು ಒಳಗೆ ನಡೆದು ಬರುತ್ತದೆ. ಗೋಡೆಯ ನೆತ್ತಿಯ ಇಳಿಜಾರು ಹಿಂದಕ್ಕೆ, ಪಶ್ಚಿಮಕ್ಕೆ ಇರಲಿ. ಒಳಮುಖಕ್ಕೆ ಇಳಿಸಿದರೆ ಕಪ್ಪು ಗೆರೆಗಳು ನಿಮ್ಮ ಬೆಳಕಿನ ಗೋಡೆಯ ಮೇಲೆಯೇ ಮೂಡುತ್ತವೆ. ನೆಲಕ್ಕೆ ಪಾಲಿಷ್ ಕಲ್ಲು ಬೇಡವೇ ಬೇಡ. ತಂಪಾದ ಕಲ್ಲಿನ ಮೇಲೆ ತೇವದ ಗಾಳಿ ಬೆವರುತ್ತದೆ, ಒರಟು ಗ್ರಾನೈಟೇ ಕ್ಷೇಮ.

ಎಂಜಿನಿಯರ್ ಜತೆ ಕೂರುವಾಗ

ಮಾದರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಸೀಳು ಗೋಡೆಯನ್ನು ಎರಡು ತುಂಡು ಮಾಡುತ್ತದೆಯೇ, ಬಾವಿಯ ಸುತ್ತ ಹೆಚ್ಚುವರಿ ಕಂಬಿ ಎಷ್ಟು, ಮೇಲಿನ ಚಪ್ಪಡಿಯ 1.2 ಮೀಟರ್ ಚಾಚು ಕಾಲಾಂತರದಲ್ಲಿ ಎಷ್ಟು ಬಾಗುತ್ತದೆ, ಇಳಿಜಾರಿನಲ್ಲಿ ಪಾಯ ಎಷ್ಟು ಆಳ, ಇವು ಕೇಳಲೇಬೇಕಾದ ಪ್ರಶ್ನೆಗಳು. ಬಾಗಿದ ಗೋಡೆಯೊಂದೇ 8 ಘನ ಮೀಟರಿನ ಹತ್ತಿರ, ಅಂದರೆ ಸುಮಾರು 20 ಟನ್.

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ತೀವ್ರ ಮಳೆಗೆ ಒಡ್ಡಿಕೊಂಡ ಕಾಂಕ್ರೀಟ್ ಸಿವಿಯರ್ ವರ್ಗಕ್ಕೆ ಸೇರುತ್ತದೆ: ಬಲದಲ್ಲಿ ಕನಿಷ್ಠ ಎಂ30 ದರ್ಜೆ, ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು, ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಅಂದರೆ ಕವರ್, 45 ಮಿ.ಮೀ. ಕೊಡಗಿಗೆ ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಕವರ್ ಕಡಿಮೆಯಾದ ಕಡೆ ತುಕ್ಕು ಹೊರಬರುವುದು ತಡವಾಗಬಹುದು, ಬಾರದೆ ಇರದು.

ಷಟರಿಂಗ್: ಅರ್ಧ ಕೆಲಸ ಇಲ್ಲೇ

ತೋರುಮೈಯ ಕಾಂಕ್ರೀಟಿನಲ್ಲಿ ಗಾರೆ ಇಲ್ಲ, ಮುಚ್ಚುವುದಕ್ಕೆ ಬಣ್ಣವಿಲ್ಲ. ಕಾಂಕ್ರೀಟ್ ಸುರಿಯುವ ಅಚ್ಚಿನ ಹಲಗೆ ಹೇಗಿದೆಯೋ ಗೋಡೆ ಹಾಗೆ. ಆದ್ದರಿಂದ ಬಡಗಿಗೆ ಸಿಗಬೇಕಾದ ಗೌರವ ಮತ್ತು ಸಮಯ ಎರಡೂ ಕೊಡಿ.

ಬಾಗಿದ ಗೋಡೆಗೆ 1.2 ಮೀಟರ್ ಅಗಲದ ಪ್ಲೈವುಡ್ ಹಾಳೆಯನ್ನು ನೇರವಾಗಿ ನಿಲ್ಲಿಸಿದರೆ, 6 ಮೀಟರ್ ತ್ರಿಜ್ಯದಲ್ಲಿ ಪ್ರತಿ ಹಾಳೆಯೂ ಬಾಗಿನಿಂದ 30 ಮಿ.ಮೀ. ತಪ್ಪುತ್ತದೆ. ಓರೆ ಬೆಳಕಿನಲ್ಲಿ ಗೋಡೆ ಮುಖ ಮುಖವಾಗಿ ಒಡೆದು ಕಾಣುತ್ತದೆ. ಅದೇ 100 ಮಿ.ಮೀ. ಅಗಲದ ಹಲಗೆಗಳನ್ನು ನೆಟ್ಟಗೆ ಒತ್ತೊತ್ತಾಗಿ ನಿಲ್ಲಿಸಿದರೆ ತಪ್ಪುವುದು 0.2 ಮಿ.ಮೀ. ಮಾತ್ರ, ಕಣ್ಣಿಗೆ ಕಾಣದು. ಹಲಗೆಯ ಎಳೆಗಳ ಗುರುತೂ ಗೋಡೆಗೆ ಬರುತ್ತದೆ. ಪೂರ್ವದ ಸಂದಿನಿಂದ ಬರುವ ಓರೆ ಬಿಸಿಲು ಆ ಎಳೆಗಳ ಮೇಲೆ ಸವರಿದಾಗಲೇ ಬೂದು ಕಾಂಕ್ರೀಟಿಗೆ ಮೈ ಬರುವುದು.

ಹಲಗೆಗೆ ನಮ್ಮ ತೋಟದ ಸಿಲ್ವರ್ ಓಕ್ ಚೆನ್ನಾಗಿ ಒದಗುತ್ತದೆ, 25 ಮಿ.ಮೀ. ದಪ್ಪಕ್ಕೆ ಕೊಯ್ಸಿ ನೆರಳಲ್ಲಿ ಒಣಗಿಸಿರಬೇಕು. ಹಸಿ ಮರದೊಳಗಿನ ಸಕ್ಕರೆ ಅಂಶ ಸಿಮೆಂಟ್ ಗಟ್ಟಿಯಾಗುವುದನ್ನು ತಡೆದು ಮೈ ಪುಡಿಪುಡಿಯಾಗಿಸುತ್ತದೆ. ಹೊಸ ಹಲಗೆಗಳಿಗೆ ಮೊದಲು ಸಿಮೆಂಟ್ ಹಾಲು ಬಳಿದು, ಒಣಗಿದ ಮೇಲೆ ಉಜ್ಜಿ ತೆಗೆದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಸಂದುಗಳಿಗೆ ತೆಳು ಫೋಮ್ ಪಟ್ಟಿ ಇಡಿ. ಹಾಲು ಸೋರಿದ ಕಡೆಯೆಲ್ಲ ಜಲ್ಲಿ ಹಲ್ಲುಕಿರಿಯುತ್ತದೆ. ಎರಡೂ ಕಡೆಯ ಹಲಗೆಗಳನ್ನು ಬಿಗಿಯುವ ಟೈರಾಡ್ ಸರಳುಗಳ ತೂತುಗಳು ಎಲ್ಲಿ ಬರಬೇಕೆಂದು ನಕ್ಷೆಯಲ್ಲೇ ಗುರುತಿಸಿ, ಅವು ಉಳಿದೇ ಉಳಿಯುತ್ತವೆ.

ಸೀಳಿನ ಅಚ್ಚು ಹೆಚ್ಚು ಜೋಪಾನ ಕೇಳುತ್ತದೆ. ಮರದ ಅಚ್ಚು ನೀರು ಕುಡಿದು ಉಬ್ಬಿ ಕಾಂಕ್ರೀಟಿನಲ್ಲಿ ಕಚ್ಚಿಕೊಳ್ಳುತ್ತದೆ. ಅದನ್ನು ಎರಡು ಬೆಣೆಯಾಕಾರದ ತುಂಡುಗಳಾಗಿ ಮಾಡಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಒಳಗಿನಿಂದ ಮೊದಲು ಒಂದನ್ನು ಎಳೆದು ತೆಗೆಯುವಂತಿರಲಿ. ಕಾಂಕ್ರೀಟ್ ಸುರಿಯುವಾಗ ಅಚ್ಚಿನ ಎರಡೂ ಪಕ್ಕ ಸಮಸಮವಾಗಿ ಏರಬೇಕು. ಒಂದು ಕಡೆ ಒಂದಡಿ ಹೆಚ್ಚಾದರೂ ಅಚ್ಚು ಇನ್ನೊಂದು ಕಡೆಗೆ ಸರಿಯುತ್ತದೆ, ನೀವು ಲೆಕ್ಕ ಹಾಕಿದ 60 ಮಿ.ಮೀ. ಮೇಲೆ 60, ಕೆಳಗೆ 48 ಆಗಿ ನಿಲ್ಲುತ್ತದೆ. ಮೇಸ್ತ್ರಿ "ಆಮೇಲೆ ಚಿಪ್ಪಿಂಗ್ ಮಾಡಿ ಸರಿ ಮಾಡೋಣ ಸಾರ್" ಎಂದರೆ ಒಪ್ಪಬೇಡಿ. ಒಡೆದ ಅಂಚಿನಲ್ಲಿ ಬಿಸಿಲಿನ ಗೆರೆಯೂ ಒಡೆದೇ ಬೀಳುತ್ತದೆ.

ನಿಜ ಕೆಲಸಕ್ಕೆ ಮುನ್ನ ಒಂದು ಮೀಟರ್ ಅಗಲದ ಪರೀಕ್ಷಾ ಗೋಡೆ ಮಾಡಿಸಿ. ಅದರಲ್ಲಿ ಸೀಳು, ಮೂಲೆ, ಟೈರಾಡ್ ತೂತು, ಎರಡು ಎತ್ತುಗಳ (ಒಂದೊಂದು ಸಲಕ್ಕೆ ಹಾಕುವ ಕಾಂಕ್ರೀಟಿನ ಹಂತ) ನಡುವಿನ ಸೇರುಗೆರೆ ಎಲ್ಲ ಇರಲಿ. ಅದೇ ಸಿಮೆಂಟ್, ಅದೇ ಎಂ-ಸ್ಯಾಂಡ್, ಅದೇ ಜನ. ಸಾಧ್ಯವಾದರೆ ಒಂದು ಮಳೆಗಾಲ ಅದು ಹೊರಗೆ ನಿಂತಿರಲಿ.

ಕಾಂಕ್ರೀಟ್ ಹಾಕುವ ದಿನಗಳು

ಕಾಲ ನೋಡಿಕೊಳ್ಳಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ತೋಟದ ಆಳುಗಳೆಲ್ಲ ಕುಯ್ಲಿನಲ್ಲಿರುತ್ತಾರೆ, ಕೂಲಿಯವರನ್ನು ಮೊದಲೇ ಮಾತಾಡಿಕೊಂಡಿರಬೇಕು. ಹುತ್ತರಿಗೆ ಮುಂಚೆ ಪಾಯ, ಜನವರಿ-ಫೆಬ್ರವರಿಗೆ ಗೋಡೆ, ಮಾರ್ಚಿಗೆ ಚಾವಣಿ ಎಂದು ಹಾಕಿಕೊಂಡರೆ ಮುಂಗಾರಿಗೆ ಮುಂಚೆ ಮುಗಿಯುತ್ತದೆ. ಕಾಫಿ ಹೂವರಳಿಸುವ ಹೂಮಳೆ ಯಾವ ದಿನ ಬರುತ್ತದೋ ಹೇಳಲಾಗದು, ಟಾರ್ಪಾಲು ಕೈಗೆ ಸಿಗುವಂತಿರಲಿ.

ಗೋಡೆಯನ್ನು ಮೂರು ಎತ್ತುಗಳಲ್ಲಿ ಹಾಕಿ. ಎತ್ತು ಮುಗಿಯುವ ಕಡೆ 20 ಮಿ.ಮೀ. ಪಟ್ಟಿ ಹೊಡೆದು ಗಾಡಿ ಮಾಡಿದರೆ ಸೇರುಗೆರೆ ವಿನ್ಯಾಸದ ಭಾಗವಾಗುತ್ತದೆ. ಕಾಂಕ್ರೀಟನ್ನು ಒಂದೂವರೆ ಮೀಟರಿಗಿಂತ ಎತ್ತರದಿಂದ ಬೀಳಿಸಬಾರದು, ಜಲ್ಲಿ ಬೇರೆ ಗಾರೆ ಬೇರೆ ಆಗುತ್ತದೆ. 300ರಿಂದ 450 ಮಿ.ಮೀ. ಪದರಗಳಲ್ಲಿ ತುಂಬಿಸಿ. ವೈಬ್ರೇಟರ್ ಸೂಜಿ ಬೇಗ ಇಳಿದು ನಿಧಾನ ಮೇಲೆ ಬರಲಿ, ಕೆಳಗಿನ ಪದರಕ್ಕೂ ನಾಲ್ಕು ಬೆರಳು ಮುಟ್ಟಲಿ, ಹಲಗೆಗೆ ತಾಗದಿರಲಿ. ಕವರಿಗೆ ಕಾಂಕ್ರೀಟ್ ಬ್ಲಾಕ್‌ಗಳನ್ನೇ ಬಳಸಿ, ಇಟ್ಟಿಗೆ ಚೂರು ಬೇಡ. ಮೇಲಕ್ಕೆ ಚಾಚಿ ಕಾಯುತ್ತಿರುವ ಕಂಬಿಗೆ ಸಿಮೆಂಟ್ ಹಾಲು ಬಳಿಯಿರಿ, ಇಲ್ಲದಿದ್ದರೆ ಒಂದೇ ಮಳೆಗೆ ತುಕ್ಕಿನ ನೀರು ಹೊಸ ಗೋಡೆಯ ಮೇಲೆ ಇಳಿಯುತ್ತದೆ.

ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ, ಇಲ್ಲವೇ ಸ್ಲ್ಯಾಗ್ ಬೆರೆಸಿದ್ದರೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಮೈ ಒದ್ದೆಯಾಗಿಡುವುದು. ಫೆಬ್ರವರಿಯ ಒಣ ಗಾಳಿಗೆ ಅದನ್ನು 14 ದಿನಕ್ಕೆ ಏರಿಸಿ. ಹಳೆಯ ಕಾಫಿ ಗೋಣಿ ಹೊದಿಸಬೇಡಿ, ಬಣ್ಣ ಬಿಟ್ಟು ಕಂದು ಕಲೆ ಮಾಡುತ್ತದೆ. ಬಿಳಿ ಹತ್ತಿಬಟ್ಟೆ, ಮೇಲೆ ಪ್ಲಾಸ್ಟಿಕ್ ಒಳ್ಳೆಯದು. ಚಪ್ಪಡಿಯ ಹರವು 4.5 ಮೀಟರ್ ಒಳಗಿದ್ದರೆ ಆಧಾರದ ಗೂಟಗಳನ್ನು 7 ದಿನಕ್ಕೆ, ಮೀರಿದರೆ 14 ದಿನಕ್ಕೆ ತೆಗೆಯಬಹುದೆಂದು ಮಾನಕ ಹೇಳುವುದು ಏನೂ ಬೆರೆಸದ ಮಾಮೂಲಿ ಸಿಮೆಂಟಿಗೆ, ಪಿಪಿಸಿ ಇಲ್ಲವೇ ಸ್ಲ್ಯಾಗ್ ಆದರೆ ಎಂಜಿನಿಯರ್ ಹೇಳಿದಷ್ಟು ದಿನ ಬಿಡಿ. ಚಾಚುಭಾಗದ ಗೂಟವನ್ನು ಎಂಜಿನಿಯರ್ ಹೇಳುವವರೆಗೆ ಮುಟ್ಟಬೇಡಿ, ತೆಗೆಯುವಾಗ ತುದಿಯಿಂದ ಶುರುಮಾಡಿ ಬುಡಕ್ಕೆ ಬನ್ನಿ.

ಮೊದಲ ಮಳೆಗಾಲದ ಮುಂಚೆ, ನಂತರ

ಮೇ ತಿಂಗಳಲ್ಲಿ ಕಾಂಕ್ರೀಟ್ ಪೂರ್ತಿ ಒಣಗಿದಾಗ ಹೊರಮೈಗೆ ಸಿಲೇನ್-ಸಿಲಾಕ್ಸೇನ್ ನೀರುನಿವಾರಕ ಹೊಡೆಸಿ. ಅದು ಹೊಳೆಯುವುದಿಲ್ಲ, ಬಣ್ಣ ಬದಲಿಸುವುದಿಲ್ಲ, ಕಾಂಕ್ರೀಟ್ ಉಸಿರಾಡಲು ಬಿಡುತ್ತದೆ. ಹೊಳಪಿನ ಕ್ಲಿಯರ್ ಕೋಟ್ ಬೇಡ, ತೇವ ಒಳಗೆ ಸಿಕ್ಕಿ ಮಳೆಗಾಲದ ಕೊನೆಗೆ ಬಿಳಿಬಿಳಿಯಾಗಿ ಸುಲಿಯುತ್ತದೆ.

ಅಕ್ಟೋಬರಿನಲ್ಲಿ ಮತ್ತೆ ಹೋಗಿ ನೋಡಿ: ದೋಣಿಯ ಕೆಳಗಿನ ಜಲ್ಲಿ ಕೊಚ್ಚಿದೆಯೇ, ಗಾಡಿಯ ಆಚೆಗೆ ನೀರು ದಾಟಿದ ಗುರುತಿದೆಯೇ, ಬಾವಿಯ ಅಂಚಿನ ಸೀಲೆಂಟ್ ಬಿಟ್ಟಿದೆಯೇ? ಪಶ್ಚಿಮದ ಹೊರಮೈಗೆ ಪಾಚಿ ಹಿಡಿದೇ ಹಿಡಿಯುತ್ತದೆ, ಹಿಡಿಯಲಿ, ಸುತ್ತಲಿನ ಮರದ ಬುಡಕ್ಕೂ ಅದೇ ಬಣ್ಣ. ಒಳಗಿನ ಬೆಳಕಿನ ಗೋಡೆಯನ್ನು ಮಾತ್ರ ಮೆತ್ತನೆ ಬ್ರಷ್ಷಿನಿಂದ ನೀರು ಹಾಕಿ ತೊಳೆಸಿ. ಜೆಟ್ ಪಂಪ್ ಹಚ್ಚಿದರೆ ಹಲಗೆಯ ಎಳೆಗಳು ಸವೆಯುತ್ತವೆ. ಬಾವಿಯ ಒಳಮೈಗೆ ವರ್ಷಕ್ಕೊಮ್ಮೆ ಸುಣ್ಣ. ಮರಗಸಿ ಮಾಡಿಸುವಾಗ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಹೇಳಿಡಿ, ಮಂಟಪದ ಪೂರ್ವಕ್ಕೂ ನೆತ್ತಿಗೂ ಬರುವ ರೆಂಬೆಗಳನ್ನು ಮೊದಲು ಇಳಿಸಲಿ.